ತಮ್ಮನ ಗುಳಿಗೆ, ಅಕ್ಕನ ಅರ್ಜಿ

ಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು, ಕರ್ನಾಟಕ ಸರ್ಕಾರ,
ಹಾಗೂ ಅಧ್ಯಕ್ಷರು ಮತ್ತು ಸದಸ್ಯರು, ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರ, ಬೆಂಗಳೂರು.

ವಿಷಯ: ತೀವ್ರ ಮನೋರೋಗವಿರುವವರನ್ನು ತಂದೆತಾಯಿಯ ನಂತರ ನೋಡಿಕೊಳ್ಳುತ್ತಿರುವ ಒಡಹುಟ್ಟಿದವರ ಕುರಿತು.

ಮಾನ್ಯರೇ,

ನಾನು ಉತ್ತರ ಕರ್ನಾಟಕದ ಒಂದು ತಾಲ್ಲೂಕು ಕೇಂದ್ರದಲ್ಲಿ ಪ್ರೌಢಶಾಲಾ ಶಿಕ್ಷಕಿ. ನನಗೆ 48 ವರ್ಷ, ನನ್ನ ತಮ್ಮನಿಗೆ 40. ಡಿಪ್ಲೊಮಾ ಎರಡನೆಯ ವರ್ಷದಲ್ಲಿದ್ದಾಗ ಹಾಸ್ಟೆಲ್ ಕೋಣೆಯ ಗೋಡೆಯಾಚೆ ಯಾರೋ ನಿಂತು ತನ್ನ ಬಗ್ಗೆಯೇ ಮಾತಾಡುತ್ತಿರುವುದು ಅವನಿಗೆ ಕೇಳಿಸತೊಡಗಿತು. ಅಂದಿನಿಂದ 21 ವರ್ಷ ಅವನು ಸ್ಕಿಜೋಫ್ರೇನಿಯಾಕ್ಕೆ ಚಿಕಿತ್ಸೆ ಪಡೆಯುತ್ತಿದ್ದಾನೆ. ಇದೇ ವಿಷಯವಾಗಿ ನಾನು ಈ ಹಿಂದೆ ಎರಡು ಸಲ ಅರ್ಜಿ ಸಲ್ಲಿಸಿದ್ದೆ. ಎರಡೂ ಸಲ "ಮುಂದಿನ ಕ್ರಮಕ್ಕಾಗಿ ಸಂಬಂಧಪಟ್ಟವರಿಗೆ ವರ್ಗಾಯಿಸಲಾಗಿದೆ" ಎಂಬ ಹಿಂಬರಹ ಬಂತು, ಆ ಸಂಬಂಧಪಟ್ಟವರು ಯಾರೆಂಬುದು ಇಂದಿಗೂ ತಿಳಿಯಲಿಲ್ಲ. ಆದ್ದರಿಂದ ಈ ಸಲ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ಕಳಿಸುವ ಮುಂಚೆ ಇದನ್ನು ತಮ್ಮನಿಗೆ ಓದಿ ಹೇಳಿದೆ. ಎರಡು ಕಡೆ ತಿದ್ದಿಸಿದ. "ಹೆಸರು ಬ್ಯಾಡ, ಊರು ಬ್ಯಾಡ, ಉಳಿದದ್ದು ಬರಿ" ಎಂದ.

ಕಳೆದ ವರ್ಷದ ಶ್ರಾವಣದಲ್ಲಿ ನಡೆದದ್ದನ್ನು ಮೊದಲು ಹೇಳುತ್ತೇನೆ. ರಾಜ್ಯದಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇರುವುದು ತಮಗೆ ತಿಳಿದೇ ಇದೆ. ಅದು ನಮ್ಮಂಥವರ ಪಾಲಿಗೆ ದೊಡ್ಡ ಉಪಕಾರ, ಅದನ್ನು ಮನಸಾರೆ ಒಪ್ಪುತ್ತೇನೆ. ಮೊದಲು ಒಂದು ಚೀಟಿಗಾಗಿ ಬೆಳಗಿನ ಐದೂವರೆಯ ಬಸ್ಸು ಹಿಡಿದು ಜಿಲ್ಲೆ ದಾಟಿ ಹೋಗಿ ರಾತ್ರಿ ಹಿಂದಿರುಗಬೇಕಿತ್ತು. ಆದರೆ ಆ ಶ್ರಾವಣದ ಮಂಗಳವಾರ ವೈದ್ಯರು ಬರೆದುಕೊಟ್ಟ ರಿಸ್ಪೆರಿಡೋನ್ ಔಷಧಿ ಕೌಂಟರಿನಲ್ಲಿ ಇರಲಿಲ್ಲ. "ಇಂಡೆಂಟ್ ಹಾಕೀವ್ರಿ, ಸ್ಟಾಕ್ ಬಂದಿಲ್ಲ, ಮುಂದಿನ ವಾರ ಬರ್ರಿ" ಎಂದರು. ಮುಂದಿನ ವಾರವೂ ಇರಲಿಲ್ಲ. ನಾನು ಸಂಬಳದವಳು, ಹೊರಗಿನ ಮೆಡಿಕಲ್ ಅಂಗಡಿಯಲ್ಲಿ ಅದೇ ಔಷಧಿಯನ್ನು ಅದೇ ಪ್ರಮಾಣದಲ್ಲಿ ಕೊಂಡೆ. ಅಲ್ಲಿಗೆ ತೊಂದರೆ ತೀರಬೇಕಿತ್ತು. ಆದರೆ ಸರ್ಕಾರಿ ಪಟ್ಟಿಯ ಗುಳಿಗೆ ಬಿಳಿಯದು, ದುಂಡಗಿನದು. ಅಂಗಡಿಯದು ಬೇರೆ ಕಂಪನಿಯದು, ತಿಳಿ ಕಿತ್ತಳೆ ಬಣ್ಣದ್ದು, ತುಸು ಉದ್ದನೆಯದು. ತಮ್ಮ ಅದನ್ನು ಅಂಗೈ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿ ಕಟ್ಟೆಯ ಮೇಲೆ ಇಟ್ಟ. "ಇದು ನಂದಲ್ಲ" ಎಂದ.

ಅವನ ಅನುಮಾನಕ್ಕೆ ಕಾರಣವಿತ್ತು, ಆ ಕಾರಣ ನಾನೇ. ಅಮ್ಮ ತೀರಿಕೊಂಡ ವರ್ಷ ಅವನು ಗುಳಿಗೆ ನುಂಗುವುದನ್ನು ಬಿಟ್ಟಿದ್ದ. ಬಾಯಲ್ಲಿ ಹಾಕಿಕೊಂಡಂತೆ ಮಾಡಿ ನಾಲಗೆಯ ಕೆಳಗೆ ಇಟ್ಟುಕೊಂಡು ಆಮೇಲೆ ಹಿತ್ತಲಿಗೆ ಹೋಗುತ್ತಿದ್ದ. ಒಂದು ಶುಕ್ರವಾರ ತುಳಸಿ ಕಟ್ಟೆಯ ಮಣ್ಣು ಕೆದಕುತ್ತಿದ್ದಾಗ ಬೆರಳಿಗೆ ಸಿಕ್ಕವು: ಹನ್ನೊಂದು ಗುಳಿಗೆ, ಕೆಲವು ಅರ್ಧ ಕರಗಿ ಸುಣ್ಣದ ಹಾಗೆ ಮಣ್ಣಿಗೆ ಅಂಟಿಕೊಂಡಿದ್ದವು. ಆಗ ನಾನು ಯಾರನ್ನೂ ಕೇಳದೆ ಒಂದು ಕೆಲಸ ಮಾಡಿದೆ. ಗುಳಿಗೆಯನ್ನು ಪುಡಿ ಮಾಡಿ ಮಜ್ಜಿಗೆಗೆ ಬೆರೆಸಿ ನಾಲ್ಕು ತಿಂಗಳು ಕೊಟ್ಟೆ. ಅವನು ಚೇತರಿಸಿಕೊಂಡ. ಚೇತರಿಸಿಕೊಂಡ ಮೇಲೆ, ಒಂದು ರಾತ್ರಿ ಲೋಟದ ತಳದಲ್ಲಿ ಉಳಿದಿದ್ದ ಪುಡಿಯನ್ನು ಬೆರಳಿನಿಂದ ಬಳಿದು ನನಗೆ ತೋರಿಸಿದ. ಬೈಯಲಿಲ್ಲ. ಅಂದಿನಿಂದ ಇಂದಿನವರೆಗೆ ನಮ್ಮ ಮನೆಯಲ್ಲಿ ಅವನು ಮಜ್ಜಿಗೆ ಕುಡಿದಿಲ್ಲ. ಇಂಥದನ್ನು ಕೈಯಾರೆ ಮಾಡಿದ ಅಕ್ಕ, ತಮ್ಮಂದಿರು ಈ ರಾಜ್ಯದಲ್ಲಿ ನಾನೊಬ್ಬಳೇ ಅಲ್ಲ ಎಂಬುದು ಮಂಗಳವಾರದ ಸಾಲಿನಲ್ಲಿ ಪಕ್ಕದವರ ಜೊತೆ ಮಾತಾಡಿದಾಗ ಗೊತ್ತಾಯಿತು. ಅದು ತಪ್ಪೆಂದು ಈಗ ಬಲ್ಲೆ. ರೋಗಿ ಗುಳಿಗೆ ಒಲ್ಲೆನೆಂದ ದಿನ ಇನ್ನೇನು ಮಾಡಬೇಕೆಂದು ಮನೆಗೆ ಬಂದು ಹೇಳಿಕೊಡುವವರು ಮಾತ್ರ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಹೀಗೆ ಬಣ್ಣ ಬದಲಾದ ಗುಳಿಗೆಯನ್ನು ಅವನು ಮುಟ್ಟಲಿಲ್ಲ. ಹತ್ತನೆಯ ದಿನಕ್ಕೆ ನಿದ್ದೆ ಹೋಯಿತು. ಹದಿನೈದನೆಯ ದಿನಕ್ಕೆ ಕಿಟಕಿಗಳಿಗೆಲ್ಲ ಹಳೆಯ ಪತ್ರಿಕೆ ಅಂಟಿಸಿದ. "ಅಕ್ಕಾ, ಗ್ವಾಡಿ ಹಿಂದ ಮತ್ತ ಬಂದು ನಿಂತಾರ" ಎಂದ. ಹತ್ತೊಂಬತ್ತನೆಯ ರಾತ್ರಿ ಊಟ, ನೀರು ಬಿಟ್ಟು ಬಾಗಿಲಿಗೆ ಬೆನ್ನು ಕೊಟ್ಟು ಕೂತ. ಯಾರಾದರೂ ಹತ್ತಿರ ಹೋದರೆ ಕೈ ಎತ್ತುತ್ತಿದ್ದ. ಆಂಬುಲೆನ್ಸಿಗೆ ಕರೆ ಮಾಡಿದೆ. "ಪೇಶಂಟ್ ಗಲಾಟೆ ಮಾಡ್ತಾರೇನ್ರಿ? ಹಂಗಿದ್ದರ ಪೊಲೀಸರನ್ನ ಕರೀರಿ" ಎಂದರು. ಠಾಣೆಗೆ ಕರೆ ಮಾಡಿದೆ. "ಹುಷಾರಿಲ್ಲದವರನ್ನ ನಾವೇನ್ ಮಾಡೋಣ್ರಿ ಮೇಡಂ, ಆಂಬುಲೆನ್ಸ್ ಕರೀರಿ" ಎಂದರು. ನಡುರಾತ್ರಿ 14416ಕ್ಕೆ, ಅಂದರೆ ಟೆಲಿ ಮಾನಸ್ ಸಹಾಯವಾಣಿಗೆ ಫೋನ್ ಮಾಡಿದಾಗ ಒಬ್ಬ ಹೆಣ್ಣುಮಗಳು ಕನ್ನಡದಲ್ಲಿ, ಅವಸರವಿಲ್ಲದೆ ನನ್ನ ಮಾತನ್ನೆಲ್ಲ ಕೇಳಿ, ಕೊನೆಗೆ "ನೀವು ಊಟ ಮಾಡಿದ್ರಾ?" ಎಂದರು. ಇಷ್ಟು ವರ್ಷಗಳಲ್ಲಿ ಆರೋಗ್ಯ ಇಲಾಖೆಯ ಕಡೆಯಿಂದ ಯಾರಾದರೂ ನನ್ನ ಬಗ್ಗೆ ಕೇಳಿದ್ದು ಅದೊಂದೇ ಸಲ. ಆದರೆ ಅವರಾದರೂ ಫೋನಿನಲ್ಲಿ ಎಷ್ಟು ಮಾಡಿಯಾರು.

ಬೆಳಗಿನ ಜಾವ ಓಣಿಯ ನಾಲ್ವರು ಹುಡುಗರು ಬಂದರು. ಬಾಡಿಗೆ ವ್ಯಾನಿನವನು 2,800 ರೂಪಾಯಿ ಕೇಳಿದ. ಹುಡುಗರು ಒಳ್ಳೆಯವರು, ನನ್ನ ತಮ್ಮನ ಕೈಯಲ್ಲಿ ಕ್ರಿಕೆಟ್ ಕಲಿತವರು. ಅವರೇ ತಮ್ಮ ಟವೆಲ್ಲಿನಿಂದ ಅವನ ಎರಡೂ ಕೈ ಕಟ್ಟಿ ನಡುವಿನ ಸೀಟಿನಲ್ಲಿ ಕೂರಿಸಿದರು. ನಾನು ಹಿಂದಿನ ಸೀಟಿನಲ್ಲಿ ಕೂತೆ. ಆಸ್ಪತ್ರೆಗೆ ಮೂರು ಗಂಟೆಯ ದಾರಿ. ತಿಂಗಳೊಂದು ಕಳೆದು ಮನೆಗೆ ಬಂದ ಮೇಲೆ, ಚಾ ಕುಡಿಯುತ್ತಾ, ಯಾವುದೋ ಬೇರೆ ಮಾತಿನ ನಡುವೆ ಅವನು ಹೇಳಿದ: "ಅಕ್ಕಾ, ಅವತ್ತು ನೀ ಹಿಂದ ಕುಂತಿದ್ದಿ. ನನ್ನ ಮುಂದ ಬರಲಿಲ್ಲ." ಇದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಮಣಿಕಟ್ಟಿನ ಮೇಲಿನ ಗುರುತು ಅಷ್ಟೊತ್ತಿಗೆ ಮಾಸಿತ್ತು.

ಕಾನೂನು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಅದನ್ನು ಓದಿಕೊಂಡಿದ್ದೇನೆ, ಓದಿದಾಗ ಕಣ್ಣು ತುಂಬಿ ಬಂದದ್ದೂ ನಿಜ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೆಯ ಸೆಕ್ಷನ್, ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವ ಔಷಧಿಯು ಸಮುದಾಯ ಆರೋಗ್ಯ ಕೇಂದ್ರದಿಂದ ಹಿಡಿದು ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ, ಎಲ್ಲ ಕಾಲದಲ್ಲೂ ಸಿಗಬೇಕೆನ್ನುತ್ತದೆ. "ಎಲ್ಲ ಕಾಲದಲ್ಲೂ" ಎಂಬುದು ನಾನು ಸೇರಿಸಿದ್ದಲ್ಲ, ಕಾಯ್ದೆಯಲ್ಲಿಯೇ ಇದೆ. ತನ್ನನ್ನು ತಾನು ನೋಡಿಕೊಳ್ಳಲಾಗದ ಸ್ಥಿತಿಯಲ್ಲಿರುವ, ಮನೋರೋಗವಿದೆ ಎನಿಸುವ ವ್ಯಕ್ತಿ ಠಾಣೆಯ ವ್ಯಾಪ್ತಿಯಲ್ಲಿ ಅಲೆದಾಡುತ್ತಾ ಕಂಡುಬಂದರೆ ಪೊಲೀಸರು ಅವನನ್ನು ರಕ್ಷಣೆಗೆ ತೆಗೆದುಕೊಂಡು 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ತಲುಪಿಸಬೇಕು, ಲಾಕಪ್ಪಿನಲ್ಲಿ ಇಡಕೂಡದು ಎಂದು 100ನೆಯ ಸೆಕ್ಷನ್ ಹೇಳುತ್ತದೆ. ಮನೆಯೊಳಗೆ ಬಾಗಿಲಿಗೆ ಬೆನ್ನು ಕೊಟ್ಟು ಕೂತವನ ಬಳಿಗೆ ಯಾರು ಬರಬೇಕೆಂಬುದು ಮಾತ್ರ ನನ್ನ ಓದಿಗೆ ಸಿಗಲಿಲ್ಲ. ಸಿಕ್ಕಿದ್ದು ಆ ನಾಲ್ಕು ಹುಡುಗರು.

ಇದು ಕರ್ನಾಟಕಕ್ಕೆ ಹೊಸ ಪಾಠವೇನಲ್ಲ ಎಂಬುದು ನನ್ನನ್ನು ಹೆಚ್ಚು ಕಾಡುತ್ತದೆ. 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆಯವರು ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಮಾಡಿದರು. ಮನೋವೈದ್ಯರೇ ಇಲ್ಲದ ಹಳ್ಳಿಗಳಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಕೆಲವೇ ಮುಖ್ಯ ಔಷಧಿಗಳನ್ನು ಅಲ್ಲಿಯೇ ಸಿಗುವಂತೆ ಮಾಡಿ, ಗುಳಿಗೆ ಬಿಟ್ಟವರ ಮನೆಗೆ ಕಾರ್ಯಕರ್ತರೇ ಹೋಗಿ ವಿಚಾರಿಸುವ ಕ್ರಮ ಅದು. 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾದಾಗ ಮಾದರಿಯಾಗಿ ತೆಗೆದುಕೊಂಡದ್ದು ನಮ್ಮ ಬಳ್ಳಾರಿಯನ್ನೇ. ದೇಶಕ್ಕೆ ದಾರಿ ತೋರಿದ ರಾಜ್ಯದಲ್ಲಿ ಈಗ ವೈದ್ಯರು ಮಂಗಳವಾರ ಬರುತ್ತಾರೆ, ಒಳ್ಳೆಯದು. ಮನೆ ಬಾಗಿಲಿಗೆ ಬಂದು "ಯಾಕ ತಮ್ಮಾ, ಗುಳಿಗಿ ತಗೊಳ್ಳಾಕ ಬಂದಿಲ್ಲಲ್ಲ" ಎಂದು ಕೇಳುವವರು ಎಲ್ಲಿ ಹೋದರು? ನಮ್ಮ ಓಣಿಯ ಆಶಾ ಕಾರ್ಯಕರ್ತೆಗೆ ಯಾವ ಮನೆಯಲ್ಲಿ ಯಾರು ಬಸುರಿ, ಯಾವ ಕೂಸಿಗೆ ಯಾವ ಲಸಿಕೆ ಬಾಕಿ, ಯಾರಿಗೆ ಸಕ್ಕರೆ ಕಾಯಿಲೆ ಎಂಬುದೆಲ್ಲ ಬಾಯಿಪಾಠ. ನನ್ನ ತಮ್ಮನ ವಿಷಯವೂ ಅವಳಿಗೆ ಗೊತ್ತು, ಆದರೆ ಅದನ್ನು ಬರೆಯಲು ಅವಳ ರಿಜಿಸ್ಟರಿನಲ್ಲಿ ಕಾಲಂ ಇಲ್ಲ. ಆಕೆಗೆ ಗೌರವಧನ ಹೆಚ್ಚಿಸದೆ ಇನ್ನೊಂದು ಕೆಲಸ ಹೊರಿಸಿ ಎಂದು ನಾನು ಕೇಳುತ್ತಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ.

ಮನೆಯವರು ಇದ್ದಾರಲ್ಲ ಎಂಬ ನಂಬಿಕೆಯ ಮೇಲೆ ಈ ಇಡೀ ವ್ಯವಸ್ಥೆ ನಿಂತಿದೆ. ಅದಕ್ಕೆ ದೊಡ್ಡ ಇತಿಹಾಸವೂ ಇದೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾ ಸಾಗರ್ ಅವರು ರೋಗಿಗಳ ಮನೆಯವರಿಗೆ ಆವರಣದಲ್ಲಿಯೇ ಡೇರೆ ಹಾಕಿಸಿ, ಅವರನ್ನೂ ಚಿಕಿತ್ಸೆಯ ಭಾಗವಾಗಿಸಿದರು. ಆಮೇಲೆ ವಿಶ್ವ ಆರೋಗ್ಯ ಸಂಸ್ಥೆಯು ಹಲವು ದೇಶಗಳ ಸ್ಕಿಜೋಫ್ರೇನಿಯಾ ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನದಲ್ಲಿ, ಆಗ್ರಾ ಕೇಂದ್ರವೂ ಸೇರಿದಂತೆ ನಮ್ಮಂಥ ದೇಶಗಳ ರೋಗಿಗಳೇ ಹೆಚ್ಚು ಚೇತರಿಸಿಕೊಂಡದ್ದು ಕಂಡುಬಂತು. ಅದಕ್ಕೆ ಕುಟುಂಬದ ಆಸರೆಯೂ ಒಂದು ಕಾರಣವಿರಬೇಕೆಂದು ಹಲವರು ಹೇಳಿದರು. ಇದೆಲ್ಲ ನಮಗೆ ಹೆಮ್ಮೆಯೇ. ಆದರೆ ಆ ಕಾಲದ ಕುಟುಂಬ ಯಾವುದು? ಹೊಲ, ಹಿತ್ತಲು, ದೊಡ್ಡಪ್ಪ, ಅತ್ತೆ, ಹತ್ತಾರು ಜನರ ಮನೆ. ಒಬ್ಬ ಸುಮ್ಮನೆ ಜಗುಲಿಯ ಮೇಲೆ ಕೂತಿದ್ದರೂ ಅವನಿಗೊಂದು ದನ ಕಟ್ಟುವ ಕೆಲಸವಿತ್ತು, ಕರೆದು ಉಣಬಡಿಸುವ ಕೈಗಳು ನಾಲ್ಕಾರಿದ್ದವು. ಇಂದು ತಮ್ಮ ಕಡತದಲ್ಲಿ "ಕುಟುಂಬ" ಎಂದು ಬರೆದಿರುವ ಕಡೆ ಇರುವುದು ಎಪ್ಪತ್ತು ದಾಟಿದ ತಾಯಿ. ಅವಳ ನಂತರ ನನ್ನಂಥ ಒಬ್ಬಳು.

ಅಪ್ಪ ಏಳು ವರ್ಷದ ಹಿಂದೆ ಹೋದರು, ಅಮ್ಮ ಮೂರು ವರ್ಷದ ಹಿಂದೆ. ಅಮ್ಮ ಇದ್ದಾಗ ನಾನು ಹಬ್ಬಕ್ಕೆ ಬಂದು ಹೋಗುವ ಅಕ್ಕ. ಅವನನ್ನು ಗಾಣಗಾಪುರಕ್ಕೆ ಕರೆದೊಯ್ದು ಸೇವೆ ಮಾಡಿಸಿದ್ದೂ ಅಮ್ಮನೇ, ಧೈರ್ಯ ಮಾಡಿ ಮನೋವೈದ್ಯರ ಬಳಿಗೆ ಮೊದಲು ಕರೆದೊಯ್ದದ್ದೂ ಅಮ್ಮನೇ. ಎರಡರ ನಡುವೆ ಅವಳಿಗೆ ವಿರೋಧ ಕಾಣುತ್ತಿರಲಿಲ್ಲ, ನನಗೂ ಈಗ ಕಾಣುವುದಿಲ್ಲ. ಅವಳ ಹನ್ನೆರಡನೆಯ ದಿನ ಮುಗಿದ ಸಂಜೆ ಅವನ ಎರಡು ಜೊತೆ ಬಟ್ಟೆ, ಹಳೆಯ ರೇಡಿಯೊ, ಆಸ್ಪತ್ರೆಯ ಚೀಟಿಗಳಿದ್ದ ಬಿಸ್ಕತ್ತಿನ ಡಬ್ಬಿ ಹಿಡಿದುಕೊಂಡು ಅವನನ್ನು ನನ್ನ ಮನೆಗೆ ಕರೆತಂದೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಗಾದೆ ಎರಡೂ ಕಡೆ ಕೊಯ್ಯುತ್ತದೆ. ನನ್ನ ಅತ್ತೆಗೆ ಅವನು ಬೀಗರ ಮನೆಯ ಭಾರ. ನನ್ನ ಚಿಕ್ಕಪ್ಪಂದಿರಿಗೆ ನಾನು ತಮ್ಮನ ಪಾಲಿನ ಹೊಲಕ್ಕಾಗಿ ಅವನನ್ನು ಇಟ್ಟುಕೊಂಡವಳು. ನನ್ನ ಯಜಮಾನರು ಇಷ್ಟೇ ಹೇಳಿದರು: "ಮಾಡಿನ ಕೆಳಗಿನ ಕ್ವಾಣಿ ಖಾಲಿ ಐತಿ. ಫ್ಯಾನ್ ಒಂದು ಹಾಕ್ಸೂಣು."

ನನ್ನ ಮಗಳಿಗೆ ಸಂಬಂಧ ನೋಡಲು ಬಂದವರು ಅವನು ಅಂಗಳದಲ್ಲಿ ಬಟ್ಟೆ ಒಣಹಾಕುವುದನ್ನು ನೋಡಿ, ಚಾ ಕುಡಿದು, ಊರಿಗೆ ಹೋಗಿ ಫೋನ್ ಮಾಡುತ್ತೇವೆಂದು ಹೇಳಿ ಹೋದರು. ಫೋನ್ ಬರಲಿಲ್ಲ. ಜನಸಾಮಾನ್ಯರಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ ಬರುವ ಈ ಕಾಯಿಲೆ ರೋಗಿಯ ಒಡಹುಟ್ಟಿದವರಲ್ಲಿ ನೂರಕ್ಕೆ ಸುಮಾರು ಒಂಬತ್ತು ಮಂದಿಗೆ ಬರಬಹುದು, ಆ ಒಡಹುಟ್ಟಿದವರ ಮಕ್ಕಳಿಗೆ ಇನ್ನೂ ಕಡಿಮೆ ಎಂಬುದನ್ನು ನಾನು ಓದಿದ್ದೇನೆ. ಉಳಿದ ತೊಂಬತ್ತೊಂದು ಮಂದಿಯ ಲೆಕ್ಕವನ್ನು ಬೀಗರಿಗೆ ಯಾರು ಹೇಳುತ್ತಾರೆ? ನಾನು ನನ್ನ ಇಪ್ಪತ್ತೇಳರಿಂದ ನಲವತ್ತರವರೆಗೆ, ನಿದ್ದೆ ಬಾರದ ಪ್ರತಿ ರಾತ್ರಿ, ಗೋಡೆಯಾಚೆಯಿಂದ ಏನಾದರೂ ಕೇಳಿಸುತ್ತಿದೆಯೇ ಎಂದು ಕಿವಿಗೊಟ್ಟು ಮಲಗಿದವಳು. ಒಡಹುಟ್ಟಿದವರಿಗೆ ಮಾತ್ರ ಇರುವ ಈ ಭಯವನ್ನು ಯಾವ ವೈದ್ಯರ ಬಳಿಯೂ ಹೇಳಿಕೊಂಡಿರಲಿಲ್ಲ. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ.

ಈಗ ಅಂಗವೈಕಲ್ಯ ಪ್ರಮಾಣಪತ್ರದ ಮಾತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಮನೋರೋಗವೂ ಸೇರಿದೆ. 40 ಪ್ರತಿಶತಕ್ಕಿಂತ ಕಡಿಮೆ ಬಂದರೆ ಸೌಲಭ್ಯಗಳಿಗೆ ಅರ್ಹತೆ ಇಲ್ಲ. ಅಳೆಯುವ ಕ್ರಮದಲ್ಲಿ ನಾಲ್ಕು ವಿಷಯ ನೋಡುತ್ತಾರೆ: ತನ್ನ ಮೈ ಮನೆ ತಾನು ನೋಡಿಕೊಳ್ಳುವುದು, ಜನರೊಡನೆ ಬೆರೆಯುವುದು, ಮಾತು ಮತ್ತು ತಿಳಿವಳಿಕೆ, ಕೆಲಸ, ಜೊತೆಗೆ ಕಾಯಿಲೆ ಎಷ್ಟು ವರ್ಷದ್ದು ಎಂಬುದು. ಕ್ರಮ ತಪ್ಪೆಂದು ನಾನು ಹೇಳಲಾರೆ. ಅದು ನಡೆಯುವ ರೀತಿಯನ್ನು ಮಾತ್ರ ಕೇಳಿ. ಆಸ್ಪತ್ರೆಗೆ ಹೋಗುವುದೆಂದರೆ ತಮ್ಮನಿಗೆ ಮದುವೆಗೆ ಹೋದಂತೆ. ಅಂದು ಬೆಳಿಗ್ಗೆ ಐದಕ್ಕೆ ಎದ್ದು ತಲೆಗೆ ನೀರು ಹಾಕಿಕೊಂಡು, ಇಸ್ತ್ರಿ ಮಾಡಿದ ನೀಲಿ ಅಂಗಿ ತೊಟ್ಟು, ಬೈತಲೆ ತೆಗೆದು ಬಾಚಿಕೊಂಡಿದ್ದ. ವೈದ್ಯರು ಅವನನ್ನು ಕೇಳಿದರು, ಅವನು ಎಲ್ಲದಕ್ಕೂ ಚೆನ್ನಾಗಿ ಉತ್ತರಿಸಿದ. ಆಮೇಲೆ ಅವನೆದುರೇ ನನ್ನನ್ನು ಕೇಳಿದರು: ಸ್ನಾನ ತಾನೇ ಮಾಡ್ತಾರಾ? ದುಡ್ಡಿನ ಲೆಕ್ಕ ತಿಳಿಯುತ್ತದಾ? ಜಗಳ ಆಡ್ತಾರಾ? ಒಬ್ಬರೇ ಬಿಟ್ಟರೆ ಇರ್ತಾರಾ?

ನಾನು ಏನು ಹೇಳಬೇಕಿತ್ತು? ಇಂದು ಸ್ನಾನ ಮಾಡಿದ್ದಾನೆ, ಆದರೆ ಮೊನ್ನೆಯ ಮಳೆಗಾಲದಲ್ಲಿ ಹದಿನೆಂಟು ದಿನ ಮಾಡಿರಲಿಲ್ಲ ಎಂದು ಹೇಳಬೇಕಿತ್ತು. ಕಿರಾಣಿ ಅಂಗಡಿಗೆ ಕಳಿಸಿದರೆ ಚಿಲ್ಲರೆ ತಪ್ಪುವುದಿಲ್ಲ, ಆದರೆ ಎರಡು ಸಲ ಅಂಗಡಿಯವನು ತನ್ನನ್ನು ನೋಡಿ ನಕ್ಕನೆಂದು ಸಾಮಾನು ಅಲ್ಲಿಯೇ ಬಿಟ್ಟು ಬಂದಿದ್ದ ಎಂದು ಹೇಳಬೇಕಿತ್ತು. ಹೇಳಿದೆ. ಒಂದೊಂದನ್ನೂ ಹೇಳಿದೆ. ಪ್ರತಿಶತ ಏರುತ್ತಾ ಹೋದ ಹಾಗೆ ಪಕ್ಕದಲ್ಲಿ ಕೂತ ಅವನ ತಲೆ ತಗ್ಗುತ್ತಾ ಹೋಯಿತು. ಅಂಗಿಯ ಕೆಳಗಿನ ಗುಂಡಿಯನ್ನು ಹಾಕುತ್ತಿದ್ದ, ತೆಗೆಯುತ್ತಿದ್ದ. ವರ್ಷಗಟ್ಟಲೆ ಬಂಧು ಬಳಗದ ಎದುರು "ಅವನಿಗೇನಾಗಿದೆ, ಆರಾಮಿದ್ದಾನೆ" ಎಂದು ಮುಚ್ಚಿಟ್ಟು ಸಾಕಿದ ಮಾನವನ್ನು ಹದಿನೈದು ನಿಮಿಷದಲ್ಲಿ ಅವನೆದುರೇ ಬಿಚ್ಚಿಹಾಕಿ ಒಂದು ಕಾರ್ಡ್ ತೆಗೆದುಕೊಂಡು ಬಂದೆ. ಅದೂ ತಾತ್ಕಾಲಿಕ, ಅವಧಿ ಮುಗಿದ ಮೇಲೆ ಮತ್ತೆ ಹೋಗಬೇಕು. ಹೊರಗೆ ಬಂದು ಇಬ್ಬರೂ ಗಿರ್ಮಿಟ್ ತಿಂದೆವು. "ಎಷ್ಟ ಬಂತು?" ಎಂದ. ಹೇಳಿದೆ. "ಪಾಸಾದೆ ಬಿಡು" ಎಂದ.

ಮಾನ್ಯರೇ, ಮನೆಯವರನ್ನು ಬೇರೆ ಕೋಣೆಯಲ್ಲಿ ಕೂರಿಸಿ ಕೇಳುವುದಕ್ಕೆ ಹೊಸ ಹುದ್ದೆ ಬೇಕಿಲ್ಲ, ಅನುದಾನ ಬೇಕಿಲ್ಲ. ಒಂದು ಸುತ್ತೋಲೆ ಸಾಕು. ರೋಗಿಯ ಬಗ್ಗೆ ಮನೆಯವರು ಸದಾ ಟೀಕಿಸುತ್ತಾ, ಎತ್ತಿ ಆಡುತ್ತಾ ಇದ್ದರೆ ಕಾಯಿಲೆ ಮರುಕಳಿಸುವುದು ಹೆಚ್ಚೆಂದು ಮನೋವೈದ್ಯರೇ ನಮಗೆ ಹೇಳಿಕೊಡುತ್ತಾರೆ. 1970ರ ದಶಕದಿಂದಲೂ ಇದನ್ನು ಅಧ್ಯಯನಗಳು ತೋರಿಸಿವೆ. ಹಾಗಿದ್ದ ಮೇಲೆ ಅವನ ತಪ್ಪುಗಳ ಪಟ್ಟಿಯನ್ನು ನನ್ನ ಬಾಯಿಂದ ಅವನ ಕಿವಿಗೆ ಹಾಕಿಸುವುದು ಏಕೆ?

ಅವನಿಗೆ ತಿಳಿವಳಿಕೆ ಇಲ್ಲವೆಂದು ಯಾರೂ ಭಾವಿಸಬಾರದೆಂದು ಇನ್ನೊಂದು ದಿನದ ಮಾತನ್ನೂ ಬರೆಯುತ್ತೇನೆ. ಅಪ್ಪನ ಹೆಸರಿನಲ್ಲಿದ್ದ ಮೂರು ಎಕರೆಯನ್ನು ಪೌತಿ ಖಾತೆ ಮಾಡಿಸಲು ಇಬ್ಬರೂ ಹೋಗಿದ್ದೆವು. ಅಲ್ಲಿದ್ದವರು ಅವನ ಕಡೆ ನೋಡದೆ ನನ್ನನ್ನು ಕೇಳಿದರು, "ಇವರಿಗೆ ತಿಳೀತದೇನ್ರಿ? ಸಹಿ ನೀವ ಮಾಡ್ತೀರೋ?" ತಮ್ಮ ಕಾಗದವನ್ನು ತನ್ನ ಕಡೆ ತಿರುಗಿಸಿಕೊಂಡು ಓದಿ, "ತಿಳೀತದ್ರಿ. ಸರ್ವೇ ನಂಬರ್ ತಪ್ಪ ಹಾಕೀರಿ" ಎಂದ. ನಿಜಕ್ಕೂ ತಪ್ಪಾಗಿತ್ತು. ಡಿಪ್ಲೊಮಾದಲ್ಲಿ ಅವನು ಸಿವಿಲ್ ಓದಿದವನು, ಅವನ ಅಕ್ಷರ ಈಗಲೂ ಅಚ್ಚು ಹಾಕಿದಂತೆ. ಸಹಿ ಮಾಡಿ ಪೆನ್ನಿಗೆ ಟೋಪಿ ಹಾಕಿ ವಾಪಸು ಕೊಟ್ಟ. ಚಿಕ್ಕಪ್ಪಂದಿರಿಗೆ ಇದನ್ನು ಹೇಳಿದಾಗ ನಾನೇ ಹೇಳಿಕೊಟ್ಟಿದ್ದೇನೆ ಎಂದರು. ಇರಲಿ.

ನನಗಿರುವ ಕೊನೆಯ ಭಯಕ್ಕೆ ತಮ್ಮಲ್ಲಿ ಉತ್ತರವಿರಬೇಕು. ನನಗೂ ಅವನಿಗೂ ಎಂಟು ವರ್ಷದ ಅಂತರ. ಲೆಕ್ಕದ ಪ್ರಕಾರ ನಾನು ಮೊದಲು ಹೋಗಬೇಕು. ನನ್ನ ಮಗಳಿಗೆ "ಮಾಮಾನ್ನ ನೋಡ್ಕೋ" ಎಂದು ನಾನು ಹೇಳಲಾರೆ, ಹೇಳಲೂಬಾರದು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಮತ್ತು ಬಹುವಿಧ ಅಂಗವೈಕಲ್ಯ ಇರುವವರಿಗೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಕಾನೂನುಬದ್ಧ ಪೋಷಕರನ್ನು ನೇಮಿಸಿಕೊಳ್ಳುವ, ನಿರಾಮಯ ಎಂಬ ಆರೋಗ್ಯ ವಿಮೆ ಮಾಡಿಸುವ ದಾರಿ ಇದೆ. ಮನೋರೋಗ ಆ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ. ಖಾಸಗಿಯಾಗಿ ನಡೆಯುವ ಕೆಲವು ಮನೆಗಳನ್ನು ಹೋಗಿ ನೋಡಿ ಬಂದೆ. ಒಂದರ ಖರ್ಚು ನನ್ನ ಸಂಬಳದ ಅರ್ಧಕ್ಕಿಂತ ಹೆಚ್ಚು. ಇನ್ನೊಂದರಲ್ಲಿ ಮಧ್ಯಾಹ್ನದ ಎರಡು ಗಂಟೆಗೆ ಎಲ್ಲ ಕೋಣೆಗಳಿಗೂ ಹೊರಗಿನಿಂದ ಚಿಲಕ ಹಾಕಿತ್ತು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಸರಪಳಿಯಲ್ಲಿ ಕಟ್ಟಿಹಾಕಿದ್ದ 28 ಮಂದಿ ಮನೋರೋಗಿಗಳು ಬೆಂಕಿಗೆ ಸಿಕ್ಕಿ ಸತ್ತರು. ಅವರನ್ನು ಅಲ್ಲಿ ಬಿಟ್ಟು ಬಂದವರಲ್ಲಿಯೂ ಅಕ್ಕ, ಅಣ್ಣಂದಿರು ಇದ್ದಿರಲೇಬೇಕು. ಅವರಿಗೆ ಪ್ರೀತಿ ಇರಲಿಲ್ಲವೆಂದು ಹೇಳಲು ನನಗೆ ನಾಲಗೆ ಬರುವುದಿಲ್ಲ. ಆ ಚಿಲಕಗಳನ್ನು ನೋಡಿದ ದಿನ ಬಸ್ಸಿನಲ್ಲಿ ಹಿಂದಿರುಗುವಾಗ ನನ್ನ ತಲೆಯಲ್ಲಿಯೂ ಹತ್ತು ನಿಮಿಷ ಆ ಲೆಕ್ಕ ನಡೆದಿತ್ತು.

ಮೇಲೆ ಹೇಳಿದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೆಯ ಸೆಕ್ಷನ್ನಿನಲ್ಲಿಯೇ ಅರ್ಧದಾರಿ ಮನೆಗಳು (ಆಸ್ಪತ್ರೆ ಬಿಟ್ಟವರು ಸ್ವಂತ ಬದುಕಿಗೆ ಮರಳುವ ಮುಂಚೆ ಕೆಲಕಾಲ ಇರುವ ಮನೆಗಳು), ಆಶ್ರಯ ವಸತಿ, ಬೆಂಬಲಿತ ವಸತಿ ಇವೆಲ್ಲ ಸರ್ಕಾರ ಒದಗಿಸಬೇಕಾದ ಸೇವೆಗಳೆಂದು ಬರೆದಿದೆ. ಅದರ ಕೆಳಗೇ ರೋಗಿಯ ಕುಟುಂಬಕ್ಕೆ ಬೆಂಬಲ ನೀಡುವ ಸೇವೆಗಳೆಂದೂ ಇದೆ. ಕುಟುಂಬವಿಲ್ಲ ಅಥವಾ ಕುಟುಂಬ ಒಪ್ಪುತ್ತಿಲ್ಲ ಎಂಬ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಇರಿಸಿಕೊಳ್ಳಬಾರದೆಂದು 19ನೆಯ ಸೆಕ್ಷನ್ ಹೇಳುತ್ತದೆ. ಆಸ್ಪತ್ರೆಯಲ್ಲಿ ಇರಿಸಬಾರದು, ಸರಿ. ಹಾಗಾದರೆ ಎಲ್ಲಿರಿಸಬೇಕೆಂಬುದನ್ನು ನಮ್ಮ ಜಿಲ್ಲೆಯಲ್ಲಿ ನಾನು ಕೇಳಿದ ಯಾವ ಕಚೇರಿಯೂ ಹೇಳಲಿಲ್ಲ. ಪ್ರತಿ ಜಿಲ್ಲೆಯಲ್ಲಿ ಇಂಥ ಒಂದು ಮನೆ, ಬೀಗ ಒಳಗಿನಿಂದ ಹಾಕಿಕೊಳ್ಳುವ ಬಾಗಿಲಿರುವ ಮನೆ, ಯಾವ ವರ್ಷದೊಳಗೆ ಆಗುತ್ತದೆಂದು ತಾವು ಬರೆದು ತಿಳಿಸಬೇಕೆಂದು ಕೇಳುತ್ತಿದ್ದೇನೆ. ಅಲ್ಲಿಯವರೆಗೆ ತಾಲ್ಲೂಕು ಆಸ್ಪತ್ರೆಯ ಕೌಂಟರಿನಲ್ಲಿ ಮನೋರೋಗದ ಔಷಧಿಗಳ ದಾಸ್ತಾನು ಎರಡು ತಿಂಗಳಿಗಿಂತ ಕೆಳಗೆ ಇಳಿಯದಂತೆ, ಕಂಪನಿ ಬದಲಾದರೆ ಗುಳಿಗೆಯ ಬಣ್ಣ ಬದಲಾಗುವುದನ್ನು ರೋಗಿಗೆ ವೈದ್ಯರೇ ಮುಂಚೆ ತೋರಿಸಿ ಹೇಳುವಂತೆ, ಗುಳಿಗೆಗೆ ಬಾರದವರ ಮನೆಗೆ ವಾರದೊಳಗೆ ಒಬ್ಬರಾದರೂ ಹೋಗುವಂತೆ ಮಾಡಿಸಿ. ಔಷಧಿಯಿಂದ ತೂಕ ಏರುತ್ತದೆ, ಸಕ್ಕರೆ ಏರಬಹುದು. ತಮ್ಮ 56 ಕಿಲೊ ಇದ್ದವನು ಈಗ 83. ಅದೇ ಮಂಗಳವಾರ ಅವನ ರಕ್ತವನ್ನೂ ಅಲ್ಲಿಯೇ ಪರೀಕ್ಷಿಸಿದರೆ ಇನ್ನೊಂದು ದಿನದ ಸಾಲು ತಪ್ಪುತ್ತದೆ.

ಇದನ್ನು ಓದಿ ಹೇಳಿದಾಗ ತಮ್ಮ ತಿದ್ದಿಸಿದ ಎರಡು ಕಡೆಗಳನ್ನೂ ಹೇಳಿಬಿಡುತ್ತೇನೆ. ತುಳಸಿ ಕಟ್ಟೆಯಲ್ಲಿ ಸಿಕ್ಕದ್ದು ಹದಿನೈದು ಎಂದು ಬರೆದಿದ್ದೆ. ಹನ್ನೊಂದೇ, ಉಳಿದ ನಾಲ್ಕನ್ನು ಹಿತ್ತಲ ಗೋಡೆಯಾಚೆ ಎಸೆದಿದ್ದೆ ಎಂದ. ಮೊದಲಿಗೆ "ಹುಚ್ಚು" ಎಂಬ ಪದವನ್ನು ಒಂದು ಕಡೆ ಬಳಸಿದ್ದೆ, ಅದನ್ನು ತೆಗೆಸಿದ. ಆಮೇಲೆ ಚಾ ಮಾಡಿಕೊಂಡು ಬಂದ, ಸಕ್ಕರೆ ಹೆಚ್ಚಾಗಿತ್ತು, ಇಬ್ಬರೂ ಕುಡಿದೆವು.

ಬರುವ ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ನಾವು ಸಾಲಿನಲ್ಲಿರುತ್ತೇವೆ. ನೀಲಿ ಅಂಗಿ ಇಸ್ತ್ರಿಗೆ ಕೊಟ್ಟಿದ್ದಾನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಅಕ್ಕ